ನಂಗಲಿಯ ಸೈಕಲ್ಲು, ಧನಶ್ರೀಯ ಹೊಟ್ಟೆಕಿಚ್ಚು

ಬಾಗಿಲು ತೆರೆದವಳು ಕದಿರೇಶನ ಅಮ್ಮ ಅಲ್ಲ!

ಕತ್ತಿನವರೆಗೆ ಕತ್ತರಿಸಿದ ಕೂದಲು, ನೀಲಿ ಟ್ರ್ಯಾಕ್ ಪ್ಯಾಂಟು, ಅಂಗೈ ತುಂಬ ಎಣ್ಣೆ. ಆ ಮನೆಯಲ್ಲೇ ಹುಟ್ಟಿ ಬೆಳೆದವಳ ಹಾಗೆ ಹೊಸ್ತಿಲಿಗೆ ಅಡ್ಡ ನಿಂತು ಧನಶ್ರೀಯನ್ನು ಮೇಲಿಂದ ಕೆಳಗಿನವರೆಗೂ ನೋಡಿದಳು.

"ಯಾರು ಬೇಕಿತ್ತು?"

ಧನಶ್ರೀ ಕೈಯಲ್ಲಿದ್ದ ಟಿಫನ್ ಕ್ಯಾರಿಯರನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಒಳಗೆ ಬಿಸಿ ಬಿಸಿ ಮುದ್ದೆ, ಅವರೆಕಾಳು ಸಾರು. ದೇವರಾಯಸಮುದ್ರದಿಂದ ನಂಗಲಿಯವರೆಗೆ ಲಾರಿಗಳ ಮಧ್ಯೆ ಸ್ಕೂಟರ್ ಓಡಿಸಿಕೊಂಡು ಬಂದಿದ್ದಳು, ಸಾರು ಚೆಲ್ಲದ ಹಾಗೆ.

"ಕದಿರೇಶ್... ಇದಾನಾ?"

"ಈಗಷ್ಟೇ ಮಲಗಿದಾನೆ. ಎಬ್ಬಿಸೋದು ಬೇಡ. ಆಮೇಲೆ ಬನ್ನಿ."

ಆಮೇಲೆ ಬರಬೇಕಂತೆ! ನನ್ನ ಕದಿರೇಶನ ಮನೆ ಬಾಗಿಲಲ್ಲಿ ನಿಂತು ನನಗೇ ಹೇಳ್ತಾಳಲ್ಲ... ಯಾರಿವಳು? ಆ ಕೈಯಲ್ಲಿರೋದು ಸೈಕಲ್ ಚೈನಿನ ಎಣ್ಣೆಯೋ, ಅವನ ಕಾಲಿಗೆ ತಿಕ್ಕುವ ಎಣ್ಣೆಯೋ?

ಅಷ್ಟರಲ್ಲಿ ಒಳಗಿನಿಂದ ಕದಿರೇಶನ ಅಮ್ಮ ಕದಿರಮ್ಮ ಇಣುಕಿದರು. "ರಾಮ್ಮಾ ರಾ, ಒಳಗೆ ಬಾ, ಧನಶ್ರೀನಾ? ಯಾಕೆ ಆಚೆ ನಿಂತ್ಕೊಂಡೆ? ಇವಳು ಶ್ರೀವಾಣಿ ಅಂತ. ಮಾಲೂರಿನ ಹುಡುಗಿ, ಮುಳಬಾಗಿಲಲ್ಲಿ ಪಿ.ಟಿ. ಟೀಚರ್ರು. ಇವಳು ಬಂದ್ಮೇಲೇ ಕಣಮ್ಮ ನನ್ ಮಗ ಎರಡು ತುತ್ತು ತಿಂತಿರೋದು. ದೇವ್ರೇ ಕಳಿಸ್ದಂಗೆ ಬಂದ್ಲು!"

ಪಾಪ, ಕದಿರಮ್ಮನಿಗೇನು ಗೊತ್ತು! ಆ ಮಾತು ಧನಶ್ರೀಯ ಎದೆಯಲ್ಲಿ ಎಲ್ಲಿ ಹೋಗಿ ಚುಚ್ಚಿತು ಅನ್ನುವುದು ಧನಶ್ರೀಗೆ ಮಾತ್ರ ಗೊತ್ತು.

"ಇಲ್ಲ ಅತ್ತೆ, ಹುಳಕ್ಕೆ ಸೊಪ್ಪು ಹಾಕ್ಬೇಕು. ಬರ್ತೀನಿ."

ಕ್ಯಾರಿಯರನ್ನು ಜಗಲಿಯ ಮೇಲೆ ಕುಕ್ಕಿ ಸ್ಕೂಟರ್ ಹತ್ತಿದಳು. ಬೈರಕೂರಿನ ತಿರುವು ಬರುವವರೆಗೆ ತಡೆದುಕೊಂಡಿದ್ದ ಅಳು ಆಮೇಲೆ ತಡೆಯಲಿಲ್ಲ.

ಇವರಿಬ್ಬರ ಕಥೆ ಶುರುವಾಗಿದ್ದು ಹಿಂದಿನ ವರ್ಷ, ದೇವರಾಯಸಮುದ್ರದ ಕೆರೆ ಏರಿಯ ಮೇಲೆ.

ಧನಶ್ರೀಯ ಮನೆಯವರು ರೇಷ್ಮೆ ಹುಳು ಸಾಕುವವರು. ಬಿ.ಕಾಂ. ಮುಗಿಸಿದ ಮೇಲೆ ಹುಳದ ಮನೆಯ ಜವಾಬ್ದಾರಿಯೆಲ್ಲ ಅವಳದೇ. ಅವತ್ತು ಸ್ಕೂಟರಿನ ಹಿಂದೆ ಕಟ್ಟಿದ್ದ ಹಿಪ್ಪುನೇರಳೆ ಸೊಪ್ಪಿನ ಮೂಟೆ ಏರಿಯ ಮೇಲೆ ಜಾರಿ ಬಿತ್ತು. ಹಿಂದಿನಿಂದ ಬಾಣದ ಹಾಗೆ ಬರುತ್ತಿದ್ದ ಸೈಕಲ್ಲಿನವನು ಅದನ್ನು ತಪ್ಪಿಸಲು ಹೋಗಿ ಧಡಾರನೆ ಬಿದ್ದ. ಮೊಣಕಾಲಿನಿಂದ ರಕ್ತ!

"ಅಯ್ಯೋ! ಏನಾಯ್ತು ರೀ?" ಅಂತ ಇವಳು ಓಡಿದರೆ, ಅವನು ತನ್ನ ಕಾಲು ನೋಡಿಕೊಳ್ಳದೆ ಸೊಪ್ಪು ನೋಡುತ್ತಿದ್ದ.

"ಸೊಪ್ಪೆಲ್ಲ ಮಣ್ಣಾಗೋಯ್ತಲ್ಲ ರೀ... ಈಗ ಹುಳಕ್ಕೆ ಏನ್ ಹಾಕ್ತೀರಾ?"

ಅಷ್ಟೇ. ಧನಶ್ರೀ ಬಿದ್ದಿದ್ದು ಆಗ.

ಕದಿರೇಶ ನಂಗಲಿಯ ವೇಬ್ರಿಡ್ಜಿನಲ್ಲಿ ಲಾರಿ ತೂಕ ಹಾಕುವ ಕೆಲಸದವನು. ಹಗಲೆಲ್ಲ ಅಲ್ಲಿ, ಬೆಳಿಗ್ಗೆ ಸಂಜೆ ಸೈಕಲ್ ಮೇಲೆ. ಅವನಿಗೊಂದೇ ಹುಚ್ಚು. ನಂಗಲಿಯಲ್ಲಿ ಹೊರಟು ಮುಳಬಾಗಿಲು, ಶ್ರೀನಿವಾಸಪುರ, ಕೋಲಾರ, ಮಾಲೂರು ಮುಟ್ಟಿ ಮತ್ತೆ ನಂಗಲಿಗೆ ಬರುವ 'ನಾಲ್ಕು ತಾಲ್ಲೂಕಿನ ಸುತ್ತು'. ಬೆಂಗಳೂರಿನ ಯಾರೋ ದೊಡ್ಡ ಸೈಕಲ್ಲಿನವನು ಮಾಡಿಟ್ಟ ದಾಖಲೆ ವರ್ಷಗಳಿಂದ ಹಾಗೇ ಇತ್ತು. ಅದನ್ನು ಯಾರೋ ಮಾರಿದ ಹಳೇ ಸೈಕಲ್ಲಿನಲ್ಲಿ ಮುರಿಯುತ್ತೇನೆ ಅಂತ ಇವನು ಹೇಳಿದಾಗ ನಂಗಲಿಯ ಟೀ ಅಂಗಡಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಧನಶ್ರೀ ನಗಲಿಲ್ಲ. ಅವನು ಕೆರೆಯಲ್ಲಿ ಕಾಲು ತೊಳೆದು, ಸೈಕಲ್ ತುಳಿಯುವಾಗ ಹಚ್ಚಿದ ನೋವಿನೆಣ್ಣೆಯ ವಾಸನೆ ಹೋಗುವವರೆಗೆ ಉಜ್ಜಿಕೊಂಡು ಹುಳದ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಯಾಕೆಂದರೆ ಘಾಟು ವಾಸನೆ ಹುಳಕ್ಕಾಗದು. ಅವಳ ಅಮ್ಮ ಚಿಕ್ಕಗಂಗಮ್ಮ ಆದರೂ ಒಳಗೆ ಬಿಡುತ್ತಿರಲಿಲ್ಲ. "ಅಲ್ಲೇ ನಿಂತ್ಕೊಂಡು ಮಾತಾಡಪ್ಪ!" ಅನ್ನುತ್ತಿದ್ದರು. ಅವನು ಹೊರಗೆ, ಇವಳು ಒಳಗೆ. ತಟ್ಟೆಗೆ ಸೊಪ್ಪು ಉದುರಿಸುತ್ತಾ ಮಾತಾಡಿದ ಆ ಸಂಜೆಗಳು ಎಷ್ಟು ಚೆನ್ನಾಗಿದ್ದವು!

ದೀಪಾವಳಿಗೆ ಮುಂಚೆ ಕದಿರೇಶ ಸುತ್ತಿಗೆ ಹೊರಟ. ಶ್ರೀನಿವಾಸಪುರ ದಾಟಿದ ಮೇಲೆ, ಮಾವಿನ ತೋಪಿನ ಹತ್ತಿರ, ಇದ್ದಕ್ಕಿದ್ದಂತೆ ಸೈಕಲ್ ಇಳಿದು ಕೂತುಬಿಟ್ಟ. ಗಾಲಿ ಪಂಕ್ಚರ್ ಆಗಿರಲಿಲ್ಲ, ಕಾಲು ಹಿಡಿದಿರಲಿಲ್ಲ. ಸುಮ್ಮನೆ ಕೂತ. ಯಾರೆಷ್ಟು ಕರೆದರೂ ಏಳಲಿಲ್ಲ.

ಆಮೇಲೆ ಅವನು ಮೊದಲಿನ ಕದಿರೇಶ ಆಗಿರಲಿಲ್ಲ. ಹಗಲೆಲ್ಲ ಗೋಡೆ ಕಡೆ ತಿರುಗಿ ಮಲಗುತ್ತಿದ್ದ. "ಏನಾಯ್ತೋ?" ಅಂದರೆ "ಏನಿಲ್ಲ". "ಊಟ ಆಯ್ತಾ?" ಅಂದರೆ "ಹ್ಞೂಂ". ಸೋತ ಅವಮಾನಕ್ಕೆ ಮುಖ ಮುಚ್ಚಿಕೊಂಡಿದ್ದಾನೆ ಅಂದಿತು ಊರು.

ಧನಶ್ರೀ ತನಗೆ ತಿಳಿದ ವಿದ್ಯೆಯಿಂದ ಯೋಚಿಸಿದಳು. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ಕೂತುಬಿಡುತ್ತದೆ. ಹುಳು ಜ್ವರಕ್ಕೆ ಕೂತಿದೆ ಅನ್ನುತ್ತಾರೆ. ಆಗ ಮುಟ್ಟಬಾರದು, ಸೊಪ್ಪು ಹಾಕಬಾರದು, ತಟ್ಟೆ ಅಲುಗಿಸಲೂಬಾರದು. ತಾನಾಗೇ ಎದ್ದು ಸೊಪ್ಪು ಹುಡುಕುವವರೆಗೆ ಕಾಯಬೇಕು. ಚಿಕ್ಕಂದಿನಿಂದ ಕೈಗೆ ಹತ್ತಿದ ಪಾಠ ಅದು.

'ಇವನೂ ಹಾಗೇ. ಮುಟ್ಟಬಾರದು. ಎದ್ದಾಗ ತಾನೇ ಕರೀತಾನೆ.'

ಅಂತ ಫೋನ್ ಮಾಡುವುದು ಬಿಟ್ಟಳು. ಹೋಗುವುದೂ ಬಿಟ್ಟಳು. ಕಾರ್ತಿಕ ಕಳೆಯಿತು, ಧನುರ್ಮಾಸ ಬಂತು. ಫೋನು ಕೈಯಲ್ಲಿ ಹಿಡಿದು ಹಿಡಿದು ಕೆಳಗಿಟ್ಟಳು. ಅದೇ ಪ್ರೀತಿ ಅಂದುಕೊಂಡಿದ್ದಳು, ಹುಚ್ಚು ಹುಡುಗಿ! ಸಂಕ್ರಾಂತಿ ಮುಗಿದ ಮೇಲೆ ಇನ್ನು ತಡೆಯಲಾಗದೆ ಕ್ಯಾರಿಯರ್ ಕಟ್ಟಿಕೊಂಡು ಹೋದರೆ... ಬಾಗಿಲಲ್ಲಿ ಶ್ರೀವಾಣಿ.

ಹೊಟ್ಟೆಕಿಚ್ಚು ಅನ್ನುವುದು ಒಮ್ಮೆ ಒಳಗೆ ಹೊಕ್ಕರೆ ಊಟ ಮಾಡಲು ಬಿಡುತ್ತದೆಯೇ, ನಿದ್ದೆ ಮಾಡಲು ಬಿಡುತ್ತದೆಯೇ? ಧನಶ್ರೀಗೆ ಸೊಪ್ಪು ಕತ್ತರಿಸುವಾಗಲೂ ಶ್ರೀವಾಣಿಯೇ, ತಟ್ಟೆ ತೊಳೆಯುವಾಗಲೂ ಶ್ರೀವಾಣಿಯೇ. ಅವಳ ಗಿಡ್ಡ ಕೂದಲು, ಅವಳ 'ಮಲಗಿದಾನೆ'.

ಹುಳದ ತಟ್ಟೆಗೆ ಉದುರಿಸುವ ಸುಣ್ಣ ತರುವ ನೆಪ ಮಾಡಿ ನಂಗಲಿಗೆ ಹೋದಳು. ಸುಣ್ಣ ಮನೆಯಲ್ಲಿ ಮೂಟೆಗಟ್ಟಲೆ ಇತ್ತು, ಆ ಮಾತು ಬೇರೆ. ಟೀ ಅಂಗಡಿ ಚಂದ್ರು ಕೇಳದೆಯೇ ಎಲ್ಲ ಹೇಳಿದ.

"ನಿಮ್ ಕದಿರೇಶ ಮತ್ತೆ ಸೈಕಲ್ ಹತ್ತಿದ ಗೊತ್ತಾ ಅಕ್ಕ? ಆ ಟೀಚರಮ್ಮ ದಿನಾ ಬರ್ತಾರೆ. ಮುಂದೆ ಅವರು, ಹಿಂದೆ ಇವನು. ಜೋಡಿ ನೋಡಕ್ಕೆ ಚೆನ್ನಾಗೈತೆ ಬಿಡಿ! ವಾರಕ್ಕೊಂದು ದಿನ ಕೋಲಾರಕ್ಕೆ ಬೇರೆ ಹೋಗ್ತಾರೆ, ಬೈಕಲ್ಲಿ."

"ಕೋಲಾರಕ್ಕಾ? ಯಾಕೆ?"

"ನಂಗೇನ್ ಗೊತ್ತಕ್ಕ? ಸಿನಿಮಾಕ್ಕೋ ಏನೋ."

ಟೀ ಅರ್ಧಕ್ಕೇ ಬಿಟ್ಟು ಎದ್ದಳು. ಬರುವಾಗ ಹೆದ್ದಾರಿಯ ಪಕ್ಕದಲ್ಲಿ ಕಂಡೇಬಿಟ್ಟರು! ಅವನು ನೆಲದ ಮೇಲೆ ಕಾಲು ಚಾಚಿ ಕೂತಿದ್ದ, ಸೊರಗಿ ಹೋಗಿದ್ದ. ಶ್ರೀವಾಣಿ ತಾನು ಕುಡಿದ ಬಾಟಲಿಯನ್ನೇ ಅವನ ಕೈಗೆ ಕೊಟ್ಟಳು. ಅವನು ಕುಡಿದ. ಇವಳ ಸ್ಕೂಟರಿನ ಸದ್ದಿಗೆ ತಲೆಯೆತ್ತಿ ನೋಡಿದ. ಧನಶ್ರೀ ನಿಲ್ಲಿಸಲಿಲ್ಲ.

ಮನೆಗೆ ಬಂದವಳೇ ಮೆಸೇಜ್ ಹಾಕಿದಳು. 'ಹೊಸಬರು ಸಿಕ್ಕಿದ್ರಲ್ಲ. ಚೆನ್ನಾಗಿರು.'

ಅವನು ಓದಿದ ಗುರುತು ಬಂತು. ಉತ್ತರ ಬರಲಿಲ್ಲ.

ಮಾವು ಹೂ ಬಿಟ್ಟ ದಿನಗಳಲ್ಲಿ ಸುದ್ದಿ ಬಂತು. ಭಾನುವಾರ ಕದಿರೇಶ ಮತ್ತೆ ಸುತ್ತು ಹೊರಡುತ್ತಾನೆ. ಜಿಲ್ಲೆಯ ಸೈಕಲ್ ಸಂಘದವರೊಬ್ಬರು ಗಡಿಯಾರ ಹಿಡಿದು ಹಿಂದೆ ವ್ಯಾನಿನಲ್ಲಿ ಬರುತ್ತಾರೆ. ವ್ಯಾನ್ ಓಡಿಸುವವಳು ಶ್ರೀವಾಣಿ.

ಇಡೀ ದಿನ! ಅವನ ಬೆನ್ನ ಹಿಂದೆ! ಅವಳು!

ಅದೇ ಭಾನುವಾರ ಧನಶ್ರೀಯ ಹುಳು ಹಣ್ಣಾದವು. ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುವ ದಿನ ಹುಳದ ಮನೆಯವರು ತಲೆ ಬಾಚಿಕೊಳ್ಳುವುದೂ ಇಲ್ಲ. ಮದುವೆ ಮುಂಜಿ ಇದ್ದರೂ ಹೋಗುವುದಿಲ್ಲ. ತಡವಾದರೆ ಹುಳು ಸಿಕ್ಕಲ್ಲೇ ನೂಲು ಬಿಟ್ಟು ಬೆಳೆಯೆಲ್ಲ ಹಾಳು.

ಧನಶ್ರೀ ಒಂದು ತಟ್ಟೆ ಆರಿಸಿದಳು. ಅದರಲ್ಲೂ ಹಣ್ಣಾಗದ ಹುಳುಗಳನ್ನೇ ಎತ್ತಿ ಚಂದ್ರಿಕೆಗೆ ಹಾಕಿದ್ದಳು.

ಚಿಕ್ಕಗಂಗಮ್ಮ ಮಗಳ ಮುಖವನ್ನೇ ನೋಡಿ ಗದರಿದರು. "ನಿನ್ ಕೈ ಇಲ್ಲಿದ್ರೂ ಜೀವ ಇಲ್ಲಿಲ್ಲ. ನನ್ ಹುಳ ಹಿಸುಕಿ ಸಾಯಿಸ್ಬೇಡ. ಹೋಗೇ ಅತ್ಲಾಗೆ! ಪಕ್ಕದ ಮನೆ ಭಾರತಮ್ಮನ್ನ ಕರ್ಕೋತೀನಿ."

"ಅಮ್ಮಾ, ಬೆಳೆ..."

"ಹೋಗು ಅಂದೆ!"

ಮುಖಕ್ಕೆ ದುಪಟ್ಟಾ ಸುತ್ತಿಕೊಂಡು, ಕಣ್ಣು ಮಾತ್ರ ಬಿಟ್ಟುಕೊಂಡು, ಮುಳಬಾಗಿಲು ದಾಟಿದ ಮೇಲೆ ವ್ಯಾನಿನ ಹಿಂದೆ ಸೇರಿಕೊಂಡಳು. ಒಂದು ಟ್ರ್ಯಾಕ್ಟರಿನ ಮರೆ, ಒಂದು ಬಸ್ಸಿನ ಮರೆ. ಪೊಲೀಸರೂ ಅಷ್ಟು ಚೆನ್ನಾಗಿ ಹಿಂಬಾಲಿಸುವುದಿಲ್ಲ ಬಿಡಿ.

ಕದಿರೇಶ ಚೆನ್ನಾಗೇ ತುಳಿಯುತ್ತಿದ್ದ. ಬೆನ್ನು ಬಾಗಿಸಿ, ತಲೆ ತಗ್ಗಿಸಿ, ಉಸಿರು ಕೆಡದೆ. ದಾಖಲೆಗಿಂತ ಮುಂದಿದ್ದಾನೆ ಅಂತ ಶ್ರೀನಿವಾಸಪುರದಲ್ಲಿ ಯಾರೋ ಕೂಗಿದರು. ಧನಶ್ರೀಯ ಕಣ್ಣು ತುಂಬಿತು. ಆದರೆ ಊರು ದಾಟಿ ಮಾವಿನ ತೋಪು ಬಂದ ಕೂಡಲೇ...

ಸೈಕಲ್ ನಿಧಾನವಾಯಿತು. ನಿಂತಿತು. ಅವನು ಇಳಿದು ರಸ್ತೆಯ ಪಕ್ಕ ಕೂತುಬಿಟ್ಟ. ಮತ್ತೆ ಅದೇ ಜಾಗ!

ಶ್ರೀವಾಣಿ ವ್ಯಾನಿನಿಂದ ಓಡಿಬಂದಳು. "ಏಳೋ ಕದಿರೇಶ್! ಮುಂದಿದೀಯಾ ಕಣೋ!" ಪಕ್ಕ ಕೂತಳು. ಹೆಗಲ ಮೇಲೆ ಕೈ ಹಾಕಿದಳು.

ತೋಪಿನ ಪಕ್ಕ ನಿಂತಿದ್ದ ಟ್ರ್ಯಾಕ್ಟರಿನ ಮರೆಯಲ್ಲಿ ಸ್ಕೂಟರ್ ನಿಲ್ಲಿಸಿದ್ದ ಧನಶ್ರೀಗೆ ಮೈಯೆಲ್ಲ ಉರಿಯಿತು. ಹಾಕು ಹಾಕು, ಇನ್ನೊಂದು ಕೈಯೂ ಹಾಕು!

ಕದಿರೇಶ ತಲೆ ಅಲ್ಲಾಡಿಸಿದ. ಶ್ರೀವಾಣಿ ನಿಧಾನವಾಗಿ ಎದ್ದಳು. ನೆಟ್ಟಗೆ ಟ್ರ್ಯಾಕ್ಟರಿನ ಕಡೆ ನೋಡಿ ಕೂಗಿದಳು.

"ರೀ! ಆ ದುಪಟ್ಟಾ ತೆಗೀರಿ ಸಾಕು! ಮುಳಬಾಗಿಲಿಂದ ಕನ್ನಡೀಲಿ ನೋಡ್ತಾನೇ ಇದೀನಿ. ನನ್ ಕೈಲಿ ಆಗ್ತಿಲ್ಲ. ನೀವೇ ಬನ್ನಿ!"

ಭೂಮಿ ಬಾಯಿ ಬಿಡಬಾರದೇ ಅನಿಸಿತು ಧನಶ್ರೀಗೆ. ಆದರೂ ಕಾಲು ಅವನ ಕಡೆಗೇ ನಡೆದವು. ಹತ್ತಿರ ಬಂದು ಮಣ್ಣಿನಲ್ಲೇ ಕೂತಳು.

ಕದಿರೇಶ ನೋಡಿದ. ನಂಬಲಾಗದೆ ಮತ್ತೆ ನೋಡಿದ. "ಯಾಕೆ ಬಂದೆ?"

ನಿನ್ನ ಗೆಲುವು ನೋಡಲು ಬಂದೆ ಅನ್ನಬಹುದಿತ್ತು. ನಿನಗೆ ಧೈರ್ಯ ಹೇಳಲು ಬಂದೆ ಅನ್ನಬಹುದಿತ್ತು. ಬಾಯಿಗೆ ಬಂದಿದ್ದು ಸತ್ಯ!

"ಹೊಟ್ಟೆಕಿಚ್ಚಿಗೆ ಬಂದೆ."

ಅವನ ತುಟಿಯ ಕೊನೆ ಸ್ವಲ್ಪ ಅಲುಗಿತು. ಎಷ್ಟು ತಿಂಗಳಾಗಿತ್ತು ಅದನ್ನು ನೋಡಿ!

"ಚೆನ್ನಾಗಿರು ಅಂತ ಮೆಸೇಜ್ ಹಾಕಿದ್ಯಲ್ಲ?"

"ಸುಳ್ಳು ಹಾಕಿದ್ದೆ. ಅವಳ ಜೊತೆ ನೀನು ಚೆನ್ನಾಗಿರೋದು ನಂಗೆ ಬೇಡ." ಧನಶ್ರೀ ಮೂಗೊರೆಸಿಕೊಂಡಳು. "ಕೋಲಾರಕ್ಕೆ ಸಿನಿಮಾಕ್ಕೆ ಹೋಗ್ತೀರಂತೆ..."

"ಡಾಕ್ಟ್ರ ಹತ್ರ ಕಣೇ." ಅವನ ದನಿ ತೀರಾ ಸಣ್ಣದಾಗಿತ್ತು. "ಖಿನ್ನತೆ ಅಂತಾರೆ ಅದಕ್ಕೆ. ಬೆಳಿಗ್ಗೆ ಎದ್ದು ಹಲ್ಲುಜ್ಜೋದಿದ್ಯಲ್ಲ, ಅದೇ ನಂಗೆ ನಾಲ್ಕು ತಾಲ್ಲೂಕು ಸುತ್ತಿದಷ್ಟು. ಶ್ರೀವಾಣಿಗೂ ಹಿಂದೆ ಬಂದಿತ್ತಂತೆ. ಹೋದ್ಸಲ ಈ ದಾರೀಲಿ ಹೋಗ್ತಿದ್ದವಳು ನಾನಿಲ್ಲಿ ಕೂತಿದ್ದು ನೋಡಿದ್ಲು, ಅವಳಿಗೆ ಗೊತ್ತಾಯ್ತು. ಹುಡುಕ್ಕೊಂಡು ಬಂದು ಎಳ್ಕೊಂಡು ಹೋದ್ಲು. ಮಾತ್ರೆ ತಗೋತಿದೀನಿ. ವಾಸಿಯಾಗುತ್ತೆ, ಟೈಮ್ ಹಿಡಿಯುತ್ತೆ ಅಂದಿದಾರೆ."

ಧನಶ್ರೀ ಅವನ ಹತ್ತಿರಕ್ಕೆ ಸರಿದು ಕೂತಳು.

"ನೀನ್ಯಾಕೆ ಬರ್ಲಿಲ್ಲ ಧನು? ಒಂದೊಂದು ಸ್ಕೂಟರ್ ಸದ್ದಾದಾಗ್ಲೂ ನೀನೇ ಅಂದ್ಕೋತಿದ್ದೆ. ಆಮೇಲೆ... ನಿಂಗೂ ಸಾಕಾಯ್ತೇನೋ ಅಂದ್ಕೊಂಡೆ."

"ಜ್ವರಕ್ಕೆ ಕೂತ ಹುಳಾನ ಮುಟ್ಟಬಾರ್ದು ಅಂತ..." ಅಂದಳು ಧನಶ್ರೀ. "ತಾನಾಗೇ ಏಳೋವರ್ಗೂ ಕಾಯ್ಬೇಕು ಅಂತ ಕಾಯ್ತಿದ್ದೆ ಕಣೋ! ದಿನಾ ಕಾಯ್ತಿದ್ದೆ!"

"ನಾನು ಹುಳ ಅಲ್ಲ ಕಣೇ... ನಾನು ಮನುಷ್ಯ. ನಂಗೆ ಯಾರಾದ್ರೂ ಮುಟ್ಟಬೇಕಿತ್ತು."

ಆ ಮಾತು ಕೇಳಿ ಧನಶ್ರೀ ಬಿಕ್ಕಿ ಬಿಕ್ಕಿ ಅತ್ತಳು. ಮುಚ್ಚುಮರೆ ಇಲ್ಲದೆ, ರಸ್ತೆಯಲ್ಲಿ ಹೋಗುವವರೆಲ್ಲ ನೋಡುವ ಹಾಗೆ. ಅವನ ಬೆವರಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ತಪ್ಪಾಯ್ತು. ಏಳು ಅಂತ ಹೇಳಲ್ಲ ನಾನು. ನೀನು ಕೂತ್ರೆ ನಾನೂ ಕೂರ್ತೀನಿ. ನಂಗೇನೂ ಅರ್ಜೆಂಟಿಲ್ಲ, ಮನೇಲಿ ಹುಳ ಹಣ್ಣಾಗಿವೆ ಅಷ್ಟೇ."

ಕದಿರೇಶ ಗಕ್ಕನೆ ತಿರುಗಿದ. "ಏನಂದೆ? ಹುಳ ಹಣ್ಣಾಗಿವೆಯಾ? ಬಿಟ್ಟು ಬಂದ್ಯಾ?!"

"ಹ್ಞೂಂ."

"ನಿಂಗೇನ್ ಹುಚ್ಚಾ? ಬೆಳೆ ಹೋದ್ರೆ?"

"ಹೋದ್ರೆ ಹೋಗ್ಲಿ."

ಹುಳದ ಮನೆಯ ಬಾಗಿಲಲ್ಲಿ ವರ್ಷವಿಡೀ ನಿಂತವನಿಗೆ ಆ ಮಾತಿನ ತೂಕ ಗೊತ್ತಿತ್ತು. ಅವಳನ್ನೇ ನೋಡುತ್ತಾ ಕೂತ. ವ್ಯಾನಿನ ಕಿಟಕಿಯಿಂದ ಸಂಘದವರು ಕೂಗಿದರು, "ಗಡಿಯಾರ ನಿಲ್ಲಲ್ಲಪ್ಪ, ಓಡ್ತಾ ಇದೆ!"

"ಒಂದು ಸ್ವಲ್ಪ ದೂರ ತುಳಿದು ನೋಡ್ತೀನಿ," ಅಂದ ಕದಿರೇಶ. "ಆಗ್ಲಿಲ್ಲ ಅಂದ್ರೆ ಇಳಿದುಬಿಡ್ತೀನಿ."

"ಇಳಿ. ನಾನು ಹಿಂದೇನೇ ಇರ್ತೀನಿ."

ಅವನು ಹತ್ತಿದ. ಮೊದಲು ತೂರಾಡಿದ, ಆಮೇಲೆ ಹಿಡಿತಕ್ಕೆ ಬಂದ. ಶ್ರೀವಾಣಿ ವ್ಯಾನಿನ ಬಾಗಿಲು ತೆರೆದಳು. "ಸ್ಕೂಟರ್ ತೋಪಿನವರ ಹತ್ರ ಬಿಡಿ. ಹತ್ತಿ ಬೇಗ."

ಎಂಥ ಪ್ರಯಾಣ ಅದು! ಮುಂದೆ ಅವನ ಬೆನ್ನು, ಅಕ್ಕಪಕ್ಕ ಇಬ್ಬರು ಹೆಂಗಸರು, ಹಿಂದಿನ ಸೀಟಿನಲ್ಲಿ ಗಡಿಯಾರ.

ಕೋಲಾರ ದಾಟಿದ ಮೇಲೆ ಶ್ರೀವಾಣಿಯೇ ಶುರು ಮಾಡಿದಳು. "ನನ್ನ ಕಂಡ್ರೆ ಹೊಟ್ಟೆ ಉರಿಯುತ್ತಲ್ವಾ?"

"ಉರಿಯುತ್ತೆ," ಅಂದಳು ಧನಶ್ರೀ.

"ನಂಗೂ ನಿಮ್ಮ ಕಂಡ್ರೆ ಉರಿಯುತ್ತೆ." ಶ್ರೀವಾಣಿಯ ಕಣ್ಣು ರಸ್ತೆಯ ಮೇಲೇ ಇತ್ತು. "ಎರಡು ತಿಂಗಳು ಅವನಿಗೆ ಊಟ ಮಾಡ್ಸಿದ್ದು ನಾನು, ಮಾತ್ರೆ ನೆನಪು ಮಾಡಿದ್ದು ನಾನು. ಇವತ್ತು ಎದ್ದಿದ್ದು ನಿಮ್ಮ ಮಾತಿಗೆ. ನಂಗೆ ಅವನು ಇಷ್ಟ ರೀ. ಒಂದ್ಸಲ ಅವನನ್ನ ಕೇಳೇಬಿಟ್ಟೆ."

ಧನಶ್ರೀ ತಟ್ಟನೆ ಅವಳ ಕಡೆ ತಿರುಗಿದಳು. "ಏನಂದ?"

"ಅವನನ್ನೇ ಕೇಳಿ. ನನ್ ಬಾಯಿಂದ ಯಾಕೆ?" ಅಂದವಳು ಎಡಗೈಯಿಂದ ಕಣ್ಣೊರೆಸಿಕೊಂಡು ಗೇರ್ ಬದಲಿಸಿದಳು. ಅವಳ ಮೇಲೆ ಕೋಪ ಮಾಡಿಕೊಳ್ಳಲು ಧನಶ್ರೀಗೆ ಆಮೇಲೆ ಆಗಲಿಲ್ಲ. ಹೊಟ್ಟೆಕಿಚ್ಚು ಮಾತ್ರ ಹಾಗೇ ಇತ್ತು, ಅದೆಲ್ಲಿ ಹೋಗುತ್ತದೆ!

ಮಾಲೂರು ಮುಟ್ಟಿ ತಿರುಗಿದ. ಎರಡು ಸಲ ನಿಧಾನವಾದ. ಎರಡು ಸಲವೂ ಹಿಂತಿರುಗಿ ವ್ಯಾನಿನ ಕಡೆ ನೋಡಿದ. ಧನಶ್ರೀ ಕಿಟಕಿಯಿಂದ ಕೈ ಆಚೆ ಹಾಕಿ ತೋರಿಸಿದಳು, ಇದೀನಿ ಅಂತ. ಮುಳಬಾಗಿಲು ದಾಟಿದ ಮೇಲೆ ಎದುರುಗಾಳಿ ಎದ್ದಿತು. ಹಲ್ಲು ಕಚ್ಚಿ ತುಳಿದ. ನಂಗಲಿಯ ವೇಬ್ರಿಡ್ಜ್ ಮುಂದೆ ಸೈಕಲ್ ನಿಂತಾಗ ಸಂಘದವರು ಗಡಿಯಾರ ನೋಡಿದರು, ಮತ್ತೊಮ್ಮೆ ನೋಡಿದರು, ಆಮೇಲೆ ಕುಣಿದೇಬಿಟ್ಟರು.

"ಮುರಿದ ರೀ! ಮೂರು ನಿಮಿಷ ಮುಂಚೆ!"

ಲಾರಿಗಳು ಹಾರ್ನ್ ಹೊಡೆದವು. ಅಂದು ನಕ್ಕಿದ್ದ ಟೀ ಅಂಗಡಿಯವರೇ ಹೆಗಲ ಮೇಲೆ ಎತ್ತಿಕೊಂಡರು. ಕದಿರಮ್ಮ ದೃಷ್ಟಿ ತೆಗೆದರು. ಯಾರೋ ಸೇವಂತಿಗೆ ಹಾರ ಹಾಕಿದರು.

ಗದ್ದಲದಲ್ಲಿ ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಕದಿರೇಶ ಇಲ್ಲ!

ಧನಶ್ರೀ ಹುಡುಕಿದಳು. ಮನೆಯ ಹಿತ್ತಲಲ್ಲಿ, ನೀರಿನ ತೊಟ್ಟಿಯ ಪಕ್ಕ, ಹಾರವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದ. ಅದೇ ಖಾಲಿ ಕಣ್ಣು. ಹಿಂದೆ ಆಗಿದ್ದರೆ ಅವಳು ಬಾಗಿಲಿನಿಂದಲೇ ಮೆಲ್ಲಗೆ ಹಿಂದಕ್ಕೆ ಹೋಗುತ್ತಿದ್ದಳು. ಈಗ ಹೋಗಿ ಅವನಿಗೆ ಅಂಟಿಕೊಂಡು ಕೂತಳು.

"ಖುಷಿ ಆಗ್ತಿಲ್ಲ ಕಣೇ," ಅಂದ. "ಎಲ್ಲರೂ ಕುಣೀತಿದಾರೆ. ನಂಗೆ ಒಳಗೆ ಏನೂ ಇಲ್ಲ. ದಾಖಲೆ ಮುರಿದ್ರೆ ಸರಿಹೋಗುತ್ತೆ ಅಂದ್ಕೊಂಡಿದ್ದೆ..."

"ಆಗ್ದಿದ್ರೆ ಬೇಡ ಬಿಡು. ನಾಳೆ ಆಗ್ಬೋದು, ನಾಡಿದ್ದು ಆಗ್ಬೋದು. ಮಂಗಳವಾರ ಡಾಕ್ಟ್ರ ಹತ್ರ ನಾನು ಕರ್ಕೊಂಡು ಹೋಗ್ತೀನಿ."

"ದಿನಾ ಹಿಂಗೇ ಇದ್ರೆ? ನಿಂಗೆ ಬೇಜಾರಾಗಲ್ವಾ?"

"ಆಗುತ್ತೆ. ಬೇಜಾರ್ ಮಾಡ್ಕೊಂಡು ಇಲ್ಲೇ ಕೂರ್ತೀನಿ."

ಅವನು ತಲೆಯನ್ನು ಅವಳ ಹೆಗಲಿಗೆ ಒರಗಿಸಿದ. ಮೈಯಿಂದ ನೋವಿನೆಣ್ಣೆಯ ಘಾಟು ಹೊಡೆಯುತ್ತಿತ್ತು. ಧನಶ್ರೀ ಸರಿಯಲಿಲ್ಲ. ಆದರೆ ಒಂದು ಮಾತು ಕೇಳದೆ ಅವಳಿಗೆ ಸಮಾಧಾನವಿಲ್ಲ.

"ಶ್ರೀವಾಣಿ... ನಿನ್ನ ಕೇಳಿದ್ಲಂತೆ?"

"ಹ್ಞೂಂ. ಕೇಳಿದ್ಲು."

"ನೀನೇನಂದೆ?"

ಕದಿರೇಶ ಕಣ್ಣು ಮುಚ್ಚಿಕೊಂಡೇ ಹೇಳಿದ.

"ನಂಗೊಬ್ಬಳು ಇದಾಳೆ... ಬರ್ತಿಲ್ಲ ಅಷ್ಟೇ, ಅಂದೆ."

ಧನಶ್ರೀ ಅವನ ತೊಡೆಯ ಮೇಲಿದ್ದ ಹಾರವನ್ನು ಪಕ್ಕಕ್ಕಿಟ್ಟು ಅವನ ಕೈ ಹಿಡಿದುಕೊಂಡಳು.

"ಬಂದೆ ಕಣೋ," ಅಂದಳು.